ರಟ್ಟಿನ ವ್ಯಾಗನ್ ಪಾವಗಡಕ್ಕೆ ಹೋದದ್ದು

ದಸರಾ ರಜೆಯಲ್ಲಿ ಮೊಮ್ಮಗಳೂ ನಾನೂ ಸೇರಿ ಒಂದು ಗೂಡ್ಸ್ ವ್ಯಾಗನ್ ಮಾಡಿದೆವು. ನಾನು ಹುಡುಗನಾಗಿದ್ದಾಗ ತುಮಕೂರು ಸ್ಟೇಷನ್ನಿನಲ್ಲಿ ನೋಡುತ್ತಿದ್ದ ನಾಲ್ಕು ಚಕ್ರದ ಮುಚ್ಚಿದ ಡಬ್ಬಿ ಅದು. ಮೈ ರಟ್ಟಿನದು, ಚಕ್ರ ನನ್ನ ಹಳೆಯ ಕೋಟಿನ ಗುಂಡಿ, ಅಚ್ಚು ಊದುಬತ್ತಿಯ ಕಡ್ಡಿ. ನಿಜವಾದದ್ದರ ಐವತ್ತನೇ ಒಂದು ಪಾಲು ಅಳತೆ. ಆಗಿನ ಮೀಟರ್‌ಗೇಜ್ ಹಳಿಗಳ ನಡುವೆ 1000 ಮಿಲಿಮೀಟರ್ ಅಂತರವಿತ್ತು. ಐವತ್ತರಿಂದ ಭಾಗಿಸಿ, ನಮ್ಮ ಹಳಿಗೆ 20 ಮಿಲಿಮೀಟರ್!

"ತಾತ, ಇದನ್ನ ನಿಮ್ಮ ಪಾವಗಡಕ್ಕೆ ತಗೊಂಡು ಹೋಗೋಣ" ಎಂದಳು. ಚಪ್ಪಲಿ ಡಬ್ಬಿಯಲ್ಲಿಟ್ಟುಕೊಂಡು ಬಸ್ ಹತ್ತಿದೆವು. ಕಂಡಕ್ಟರ್ ಇಣುಕಿ ನೋಡಿ, "ಯಜಮಾನ್ರೇ, ಗೂಡ್ಸ್ ಗಾಡಿಗೆ ಲಗೇಜ್ ಟಿಕೆಟ್ ಹರೀಲಾ?" ಎಂದು ನಕ್ಕ.

ಕೊರಟಗೆರೆ ದಾಟಿ ಮಧುಗಿರಿಯ ಏಕಶಿಲಾ ಬೆಟ್ಟ ಕಂಡಾಗ ಅವಳು ಕೇಳಿದಳು, "ಇಲ್ಲಿ ಸ್ಟೇಷನ್ ಎಲ್ಲಿದೆ?" ಇಲ್ಲ ಮಗು. ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ರಾಯದುರ್ಗಕ್ಕೆ ಹೋಗುವ ಮಾರ್ಗ ಮಂಜೂರಾದದ್ದು ಈ ಶತಮಾನದಲ್ಲಿ. ಶಿರಾ ಮೇಲೆ ದಾವಣಗೆರೆಗೆ ಇನ್ನೊಂದು.

ಬಿ.ಕಾಂ. ಮುಗಿಸಿ ಪಾವಗಡದ ಬ್ಯಾಂಕಿಗೆ ಗುಮಾಸ್ತನಾಗಿ ಬಂದಾಗ ನಾನು ವ್ಯಾಗನ್ನುಗಳನ್ನು ಕಂಡದ್ದು ಕಾಗದದಲ್ಲಿ. ವ್ಯಾಪಾರಿಗಳು ಕಡಲೆಕಾಯಿ ಮೂಟೆಗಳನ್ನು ಲಾರಿಯಲ್ಲಿ ಹಿಂದೂಪುರಕ್ಕೆ ಸಾಗಿಸಿ ವ್ಯಾಗನ್ನಿಗೆ ತುಂಬುತ್ತಿದ್ದರು. ರೈಲ್ವೆಯವರು ಕೊಟ್ಟ ರಸೀದಿಯನ್ನು ಬಿಲ್ ಸಮೇತ ನಮಗೆ ತಂದುಕೊಟ್ಟರೆ ಮುಂಗಡ ಹಣ ಸಿಗುತ್ತಿತ್ತು. ರಸೀದಿ ಅಂಚೆಯಲ್ಲಿ ಮುಂಬಯಿಗೆ. ಅಲ್ಲಿ ಕೊಳ್ಳುವವನು ಬ್ಯಾಂಕಿಗೆ ದುಡ್ಡು ಕಟ್ಟಿ ರಸೀದಿ ಬಿಡಿಸಿಕೊಂಡರೇ ಮೂಟೆ ಅವನ ಕೈಗೆ. ಆದರೆ ಹಿಂದೂಪುರದ ಹಳಿ ಮೀಟರ್‌ಗೇಜ್, ಮುಂಬಯಿಯದು 1676 ಮಿಲಿಮೀಟರಿನ ಬ್ರಾಡ್‌ಗೇಜ್. ಒಂದರ ವ್ಯಾಗನ್ ಇನ್ನೊಂದರ ಮೇಲೆ ಓಡದು. ನಡುವೆ ಎರಡು ಗೇಜ್ ಸೇರುವ ಕಡೆ ಮೂಟೆಗಳನ್ನು ಹೊತ್ತು ಬೇರೆ ವ್ಯಾಗನ್ನಿಗೆ ಹಾಕಬೇಕು.

ಒಂದು ಮಳೆಗಾಲ ಒಬ್ಬ ಸಣ್ಣ ವ್ಯಾಪಾರಿಯ ಮಾಲು ದಾರಿಯಲ್ಲಿ ಎಲ್ಲೋ ನೆನೆಯಿತು. ಮುಂಬಯಿಯವರು ಬೇಡವೆಂದರು, ಬಿಲ್ ವಾಪಸ್ಸಾಯಿತು. ಕೊಟ್ಟ ಹಣವನ್ನು ಅವರ ಖಾತೆಗೆ ಖರ್ಚು ಹಾಕುವ ಚೀಟಿ ಬರೆದದ್ದು ನಾನೇ. ಅವರು ಮೂರು ದಿನ ಬೆಂಚಿನ ಮೇಲೆ ಬಂದು ಕೂತರು. ಬೈಯಲಿಲ್ಲ. ಮೂರನೆಯ ದಿನ ಕೌಂಟರಿನ ಮೇಲೆ ಒಂದು ಹಿಡಿ ಕಡಲೆಕಾಯಿ ಇಟ್ಟು, "ನಿಮ್ಮದೇನು ತಪ್ಪು ಸ್ವಾಮಿ, ತಿನ್ನಿ" ಎಂದು ಎದ್ದುಹೋದರು. ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಅವರ ಅಂಗಡಿಯಲ್ಲೀಗ ಮೊಬೈಲ್ ಮಾರುತ್ತಾರೆ. ಮಗ ಗುರುತು ಹಿಡಿದರು. ನಮ್ಮ ವ್ಯಾಗನ್ನಿನ ಜಾರುಬಾಗಿಲನ್ನು ಬೆರಳಲ್ಲಿ ಸರಿಸಿ ನೋಡಿ, ಪಕ್ಕದ ಅಂಗಡಿಯಿಂದ ಕಡಲೆಕಾಯಿ ತರಿಸಿದರು. ಮೊಮ್ಮಗಳು ಆರು ಕಾಯಿ ಒಳಗೆ ತುಂಬಿದಳು. ಆರಕ್ಕೇ ಭರ್ತಿ.

ಶಿರಾ ಮೇಲೆ ವಾಪಸು ಬರುವಾಗ ಅವಳ ಪ್ರಶ್ನೆ: "ಮಧುಗಿರಿಗೆ ಹಳಿ ಬಂದ ಮೇಲೆ ನಮ್ಮ ವ್ಯಾಗನ್ ಅದರ ಮೇಲೆ ಓಡತ್ತಾ?" ಓಡದು, ಈಗ ಹಾಕುವುದೆಲ್ಲ ಬ್ರಾಡ್‌ಗೇಜ್ ಎಂದೆ. ಅವಳು ಟಿಕೆಟ್ಟಿನ ಹಿಂದೆ 1676 ಬರೆದು, ಐವತ್ತರಿಂದ ಭಾಗಿಸಿದಳು. ಹತ್ತಿರ ಹತ್ತಿರ ಮೂವತ್ತಮೂರೂವರೆ.

ಮನೆಗೆ ಬಂದೊಡನೆ ಊದುಬತ್ತಿಯ ಹೊಸ ಕಡ್ಡಿ ಹುಡುಕಿದೆವು, ಉದ್ದದ್ದು.