ಎರಡು ಚಿತ್ರಗಳ ಸಂಧಿ

ಚಿತ್ರವನ್ನು ತೆಗೆಯುವುದು ಒಂದು ವಿದ್ಯೆ. ತೆಗೆದ ಚಿತ್ರಗಳನ್ನು ಒಂದರ ಹಿಂದೊಂದಾಗಿ ಪೋಣಿಸಿ ತೋರಿಸುವುದು ಮತ್ತೊಂದು ವಿದ್ಯೆ. ಮೊದಲನೆಯದಕ್ಕೆ ಕಣ್ಣಿದ್ದರೆ ಸಾಕು. ಎರಡನೆಯದಕ್ಕೆ ಕಿವಿಯೂ ಬೇಕು, ತಾಳಜ್ಞಾನವೂ ಬೇಕು. ಈಚೆಗೆ ಮದುವೆಯ ಮನೆಗಳಲ್ಲಿಯೂ ಷಷ್ಟ್ಯಬ್ದಿಯ ಮನೆಗಳಲ್ಲಿಯೂ, ವರ್ಷಾಬ್ದಿಕವಾದ ಮಾರನೆಯ ದಿನ ಬಂಧುಗಳು ಕಲೆತ ಮನೆಗಳಲ್ಲಿಯೂ ಸಹ, ಗೋಡೆಗೆ ಬಿಳಿಯ ತೆರೆಯನ್ನು ಕಟ್ಟಿ, ಸಂಗೀತದೊಡನೆ ಒಂದು ಚಿತ್ರವು ಕರಗಿ ಇನ್ನೊಂದು ಮೂಡುವಂತೆ ತೋರಿಸುವುದು ವಾಡಿಕೆಯಾಗಿದೆ. ನೋಡಿದವರು ಚಿತ್ರಗಳನ್ನು ನೆನೆಯುತ್ತಾರೆ. ಅವುಗಳ ನಡುವಣ ಸಂಧಿಯನ್ನು ಯಾರೂ ನೆನೆಯರು. ಆದರೆ ಶಿವಮೊಗ್ಗ ಜಿಲ್ಲೆಯ ಒಂದು ಮನೆಯಲ್ಲಿ, 2023ರಲ್ಲಿ, ಇಂತಹ ಒಂದೇ ಒಂದು ಸಂಧಿಯ ವಿಷಯವಾಗಿ ವಯಸ್ಸಾದವರೊಬ್ಬರು ಹದಿನೈದು ದಿನ ನಿದ್ದೆಗೆಟ್ಟರು. ಅವರನ್ನು ಹಿರಿಯರೆಂದೂ ಅವರ ತಮ್ಮನನ್ನು ಕಿರಿಯರೆಂದೂ ಕರೆದರೆ ಸಾಕು. ಹೆಸರಿನಿಂದ ಆಗಬೇಕಾದದ್ದೇನೂ ಇಲ್ಲ.

ಹಿರಿಯರು ಭೂಮಾಪಕರಾಗಿದ್ದು ನಿವೃತ್ತರಾದವರು. ಯೌವನದಲ್ಲಿ ಅವರಿಗೆ ಛಾಯಾಚಿತ್ರದ ಹುಚ್ಚು ಬಲವಾಗಿದ್ದಿತು. 1970ರ ದಶಕದಲ್ಲಿ ಅವರು ಹಳೆಯದೊಂದು ಸ್ಲೈಡು ತೋರಿಸುವ ಯಂತ್ರವನ್ನು ಕೊಂಡು ತಂದರು. ಬೆಳುದಿಂಗಳಿಲ್ಲದ ರಾತ್ರಿಗಳಲ್ಲಿ ಜಗಲಿಯ ಗೋಡೆಗೆ ಮಡಿಪಂಚೆಯನ್ನು ಕಟ್ಟಿ, ಜೋಗದ ನೀರನ್ನೂ ರಥೋತ್ಸವವನ್ನೂ ಮನೆಮಂದಿಯ ಮುಖಗಳನ್ನೂ ಅದರ ಮೇಲೆ ಮೂಡಿಸುವರು. ಮಾತು ಹಿರಿಯರದು, ಕೈ ಕಿರಿಯರದು. ಆ ಯಂತ್ರದಲ್ಲಿ ಒಂದು ಸ್ಲೈಡನ್ನು ತೆಗೆದು ಇನ್ನೊಂದನ್ನು ಹಾಕುವವರೆಗೆ ಬರಿಯ ಬೆಳಕು ಪಂಚೆಯ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿದ್ದಿತು. ಅದನ್ನು ತಪ್ಪಿಸಲು ಕಿರಿಯರು ಎಡಗೈಯ ಅಂಗೈಯನ್ನು ಮಸೂರದ ಮುಂದೆ ಹಿಡಿದು, ಬಲಗೈಯಿಂದ ಸ್ಲೈಡನ್ನು ಬದಲಿಸುವರು. ಹೀಗೆ ಪ್ರತಿಯೊಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಕ್ಷಣಕಾಲ ಕತ್ತಲೆ. ಆ ಕತ್ತಲೆಯಲ್ಲಿ ತಾಯಿಯವರು "ಮುಂದಿನದು ಯಾವುದೋ?" ಎಂದು ತಪ್ಪದೆ ಕೇಳುವರು.

ತಾಯಿಯವರು 2022ರಲ್ಲಿ ತಮ್ಮ ತೊಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ವರ್ಷಾಬ್ದಿಕಕ್ಕೆ ಎಲ್ಲರೂ ಬರುವರೆಂದು ತಿಳಿದು, ಅವರ ಜೀವನವನ್ನು ಚಿತ್ರಮಾಲೆಯಾಗಿ ತೋರಿಸಬೇಕೆಂದು ಮೊಮ್ಮಗಳು ಹಟ ಹಿಡಿದಳು. ಹಳೆಯ ಸ್ಲೈಡುಗಳನ್ನೂ ಪಟಗಳನ್ನೂ ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪಿಗೆ ಸೇರಿಸಿದವಳು ಅವಳೇ. ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು, ಒಂದು ಇನ್ನೊಂದರಲ್ಲಿ ಕರಗುವುದನ್ನು ತೋರಿಸಿ, "ಇದು ನಿಮ್ಮ ಕಾಲದಲ್ಲಿ ಇರಲಿಲ್ಲ, ಅಜ್ಜ" ಎಂದಳು.

ಅವಳ ಮಾತು ಆ ಮನೆಯ ಮಟ್ಟಿಗೆ ನಿಜ. ಲೋಕದ ಮಟ್ಟಿಗೆ ನಿಜವಲ್ಲ. ಹಾಲೆಂಡಿನ ಪಂಡಿತ ಕ್ರಿಸ್ಟಿಯಾನ್ ಹೈಗೆನ್ಸನು 1659ರಲ್ಲಿಯೇ ಮಾಯಾದೀಪಕ್ಕಾಗಿ ಚಿತ್ರಗಳನ್ನು ಬರೆದಿದ್ದನು. 1790ರ ದಶಕದ ಕೊನೆಯಲ್ಲಿ ಪ್ಯಾರಿಸ್ ನಗರದಲ್ಲಿ ರಾಬರ್ಟ್‌ಸನ್ ಎಂಬುವನು ಕತ್ತಲೆಯ ಕೋಣೆಯಲ್ಲಿ ಭೂತಗಳ ಬಿಂಬಗಳನ್ನು ತೋರಿಸುತ್ತ, ಗಾಜಿನ ಬಟ್ಟಲುಗಳಿಂದ ನಾದ ಹೊರಡಿಸುವ ವಾದ್ಯವನ್ನು ಜೊತೆಗೆ ನುಡಿಸಿಸುತ್ತಿದ್ದನು. ಚಿತ್ರಕ್ಕೆ ಸಂಗೀತದ ಬೆಂಬಲವೂ ಅಷ್ಟು ಹಳೆಯದು. ಕರಗುವ ಚಿತ್ರಗಳನ್ನು 1830ರ ದಶಕದ ಸುಮಾರಿಗೆ ಲಂಡನ್ನಿನಲ್ಲಿ ಪ್ರಸಿದ್ಧಿಗೆ ತಂದವನು ಹೆನ್ರಿ ಲ್ಯಾಂಗ್ಡನ್ ಚೈಲ್ಡ್. ಒಂದೇ ತೆರೆಯ ಮೇಲೆ ಎರಡು ದೀಪಗಳನ್ನು ಗುರಿಯಿಟ್ಟು, ಒಂದರ ಬೆಳಕನ್ನು ಮೆಲ್ಲಮೆಲ್ಲನೆ ಮುಚ್ಚುತ್ತ ಇನ್ನೊಂದರದನ್ನು ಅಷ್ಟೇ ಮೆಲ್ಲನೆ ತೆರೆದರೆ, ಬೇಸಗೆಯ ಹಸಿರು ಹೊಲ ಕಣ್ಣೆದುರಿಗೇ ಹಿಮದಿಂದ ಬೆಳ್ಳಗಾಗುತ್ತಿದ್ದಿತು. ಫಿಲಡೆಲ್ಫಿಯದ ಲಾಂಗೆನ್‌ಹೈಮ್ ಸೋದರರು, ವಿಲಿಯಂ ಮತ್ತು ಫ್ರೆಡರಿಕ್, ಗಾಜಿನ ಮೇಲೆ ಛಾಯಾಚಿತ್ರವನ್ನೇ ಮೂಡಿಸುವ ಕ್ರಮಕ್ಕೆ 1850ರಲ್ಲಿ ಪೇಟೆಂಟನ್ನು ಪಡೆದರು. ಅಲ್ಲಿಯವರೆಗೆ ಗಾಜಿನ ಚಿತ್ರವೆಂದರೆ ಬಹುಮಟ್ಟಿಗೆ ಕೈಯಿಂದ ಬರೆದದ್ದು. ನಮ್ಮ ದೇಶದಲ್ಲಿಯೂ ಮುಂಬಯಿಯ ಬಳಿಯ ಕಲ್ಯಾಣದಲ್ಲಿ ಪಟವರ್ಧನ ಮನೆತನದವರು 1890ರ ದಶಕದಲ್ಲಿ ಪುರಾಣಕಥೆಗಳನ್ನು ಗಾಜಿನ ಮೇಲೆ ಬರೆದು, ಕಥನದೊಡನೆ ತೋರಿಸುತ್ತಿದ್ದರು. ತಮ್ಮ ಆಟಕ್ಕೆ ಅವರಿಟ್ಟ ಹೆಸರು 'ಶಾಂಬರಿಕ ಖರೋಲಿಕಾ'. ಶಂಬರನು ಮಾಯಾವಿಯಾದ ಅಸುರ, ಶಾಂಬರಿಯೆಂದರೆ ಮಾಯೆ. ಈ ಹೆಸರಿನ ಔಚಿತ್ಯವನ್ನು ವಾಚಕರು ಮುಂದೆ ಕಾಣುವರು.

ಆಮೇಲೆ 1960ರ ದಶಕದಲ್ಲಿ ಕೊಡಾಕ್ ಕಂಪನಿಯವರ ಕ್ಯಾರೊಸೆಲ್ ಎಂಬ ಯಂತ್ರವು ಬಂದಿತು. ಅದರ ದುಂಡುತಟ್ಟೆಯಲ್ಲಿ 80 ಸ್ಲೈಡುಗಳು ಹಿಡಿಯುತ್ತಿದ್ದುವು. ಅಂತಹ ಎರಡು ಯಂತ್ರಗಳನ್ನು ಜೊತೆಮಾಡಿ ಕರಗುವ ಚಿತ್ರಗಳನ್ನು ತೋರಿಸುವವರೂ ಇದ್ದರು. 2004ರಲ್ಲಿ ಅದರ ತಯಾರಿಕೆಯೂ ನಿಂತುಹೋಯಿತು. ಈಗ ಎರಡು ದೀಪಗಳ ಕೆಲಸವನ್ನು ಲೆಕ್ಕವೇ ಮಾಡುತ್ತದೆ. ಮೊದಲನೆಯ ಚಿತ್ರವು ನೂರಕ್ಕೆ ಎಪ್ಪತ್ತರಷ್ಟು ಉಳಿದಿರುವಾಗ ಎರಡನೆಯದು ಮೂವತ್ತರಷ್ಟು ಮೂಡಿರುತ್ತದೆ. ನಡುವಣ ಒಂದು ಕ್ಷಣದಲ್ಲಿ ಎರಡೂ ಸಮಸಮ.

ಕೆಲಸಕ್ಕೆ ಕುಳಿತ ಮೇಲೆ ಹಿರಿಯರಲ್ಲಿ ಹಳೆಯ ಉತ್ಸಾಹವು ಮರಳಿತು. ಹಾಡಿನ ಮಾತುಗಳು ಚಿತ್ರದೊಡನೆ ಜಗಳವಾಡುವುವೆಂದು ಹೇಳಿ, ಮನೆಯ ಸೊಸೆಯಿಂದ ವೀಣೆಯಲ್ಲಿ ನೀಲಾಂಬರಿಯನ್ನು ನುಡಿಸಿಸಿದರು. ಜೋಗುಳದ ರಾಗ, ತಾಯಿಯವರಿಗೆ ಪ್ರಿಯವಾದದ್ದು. ಆದಿತಾಳದ ಎಂಟು ಅಕ್ಷರಗಳು, ಅಕ್ಷರಕ್ಕೆ ಒಂದು ಸೆಕೆಂಡು. ನಾಲ್ಕು ನಿಮಿಷಕ್ಕೆ ಮೂವತ್ತು ಆವರ್ತ. ಆವರ್ತಕ್ಕೆ ಒಂದು ಚಿತ್ರದಂತೆ ಮೂವತ್ತು ಚಿತ್ರಗಳನ್ನು ಮಾತ್ರ ಆರಿಸಿದರು. ಹೊಸ ಚಿತ್ರವು ಪೂರ್ಣವಾಗಿ ಮೂಡುವುದು ಸಮಕ್ಕೆ ಸರಿಯಾಗಿ ಇರಬೇಕು; ಆದುದರಿಂದ ಕರಗುವಿಕೆಯು ಏಳನೆಯ ಅಕ್ಷರದಲ್ಲಿಯೇ ಮೊದಲಾಗಬೇಕು. ಕಪ್ಪಾದ ಚಿತ್ರದ ಬೆನ್ನಿಗೆ ಬೆಳ್ಳನೆಯದು ಬಂದರೆ ಕಣ್ಣಿಗೆ ಹೊಡೆದಂತಾಗುವುದರಿಂದ ಎರಡರ ಪ್ರಕಾಶವನ್ನೂ ಹೊಂದಿಸಬೇಕು. ಮುಖದಿಂದ ಮುಖಕ್ಕೆ ಹೋಗುವಾಗ ಮೊದಲ ಚಿತ್ರದ ಕಣ್ಣುಗಳಿದ್ದ ಸ್ಥಳದಲ್ಲಿಯೇ ಎರಡನೆಯದರ ಕಣ್ಣುಗಳು ಬೀಳಬೇಕು. ಹಾಗೆ ಹೊಂದಿಸಿದಾಗ ಹದಿನೇಳರ ಮದುವಣಗಿತ್ತಿಯ ಮುಖದೊಳಗಿಂದ ಮಗುವನ್ನೆತ್ತಿದ ತಾಯಿಯ ಮುಖವು ಮೇಲೆದ್ದು ಬಂದಿತು. ಅದನ್ನು ಕಂಡು ಮೊಮ್ಮಗಳು ಮಾತಾಡದೆ ಕುಳಿತಳು.

ತೊಡಕು ಬಂದದ್ದು ಹತ್ತೊಂಬತ್ತನೆಯ ಚಿತ್ರದಲ್ಲಿ. ಅದು 1981ರದು: ಜಗಲಿಯ ಮೆಟ್ಟಿಲ ಮೇಲೆ ತಾಯಿ, ಬಲಕ್ಕೆ ಹಿರಿಯರು, ಎಡಕ್ಕೆ ಕಿರಿಯರು. ಇಪ್ಪತ್ತನೆಯದು 1999ರದು: ಅದೇ ಮೆಟ್ಟಿಲು, ಅದೇ ಮೂವರು, ಅದೇ ಕ್ರಮ. ಮೊಮ್ಮಗಳು ಎರಡನ್ನೂ ಹೊಂದಿಸಿ ಓಡಿಸಿದಳು. ಎರಡು ಸೆಕೆಂಡುಗಳಲ್ಲಿ ಇಬ್ಬರ ಕೂದಲೂ ನರೆಯಿತು, ತಾಯಿಯ ಬೆನ್ನು ಬಾಗಿತು. ಉಳಿದುದೆಲ್ಲವೂ ಇದ್ದಂತೆಯೇ ಇದ್ದಿತು. "ಇಡೀ ಮಾಲೆಯಲ್ಲಿ ಇದೇ ಚೆನ್ನ, ಅಜ್ಜ" ಎಂದಳು. ನಿಜವಾಗಿಯೂ ಅದೇ ಚೆನ್ನಾಗಿದ್ದಿತು. ಹಿರಿಯರು ಕನ್ನಡಕವನ್ನು ತೆಗೆದಿಟ್ಟು ತೋಟದ ಕಡೆಗೆ ನಡೆದರು.

ಆ ಎರಡು ಚಿತ್ರಗಳ ನಡುವೆ ಹದಿನೆಂಟು ವರ್ಷಗಳಿದ್ದುವು. 1982ರಲ್ಲಿ ಮನೆ ಪಾಲಾಯಿತು. ಅಡಕೆಯ ತೋಟವನ್ನು ಅಳೆದವರು ಹಿರಿಯರೇ. ಭೂಮಾಪಕನು ಮನೆಯಲ್ಲಿರುವಾಗ ಹೊರಗಿನವರೇಕೆಂದು ಕಿರಿಯರೇ ಹೇಳಿದ್ದರು. ಅಳತೆಯಲ್ಲಿ ಒಂದು ಗೇಣೂ ತಪ್ಪಲಿಲ್ಲ. ಆದರೆ ಗಡಿಕಲ್ಲುಗಳನ್ನು ನೆಟ್ಟಾಗ ನೀರಿನ ಕಾಲುವೆಯು ಪೂರ್ತಿಯಾಗಿ ಹಿರಿಯರ ಪಾಲಿನೊಳಗೆ ಉಳಿಯಿತು. ಅದು ತಾನಾಗಿ ಉಳಿದುದಲ್ಲವೆಂಬುದನ್ನು ಹಿರಿಯರೊಬ್ಬರೇ ಬಲ್ಲರು, ಕಿರಿಯರು ಊಹಿಸಿದರು. ಎರಡು ಬೇಸಗೆಗಳಲ್ಲಿ ಕಿರಿಯರ ಪಾಲಿನ ಗಿಡಗಳು ಒಣಗಿದುವು. ಅವರು ಬಂದ ಬೆಲೆಗೆ ಭೂಮಿಯನ್ನು ಮಾರಿ, ಹೆಂಡತಿ ಮಕ್ಕಳೊಡನೆ ದಾವಣಗೆರೆಗೆ ಹೊರಟುಹೋದರು. ತಾಯಿಯವರು ಯಾರನ್ನೂ ಬಯ್ಯಲಿಲ್ಲ. ಪ್ರತಿ ದೀಪಾವಳಿಗೆ ಒಂದು ಎಲೆಯನ್ನು ಹೆಚ್ಚಾಗಿ ಹಾಕಿಸಿ, ಊಟವಾದ ಮೇಲೆ ಅದನ್ನು ತಾವೇ ಎತ್ತಿ ಗೋವಿಗೆ ಇಡುತ್ತಿದ್ದರು. 1999ರಲ್ಲಿ ಅವರು ಹಾಸಿಗೆ ಹಿಡಿದು ಏಳುವ ಹೊತ್ತಿಗೆ ಕಿರಿಯರು ಬಂದರು. ಅಂದಿನಿಂದ ಹೋಗುಬರುವಿಕೆ ನಡೆಯಿತಾದರೂ ಕಾಲುವೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಹುಟ್ಟಿದಂದಿನಿಂದ ಅಣ್ಣನನ್ನು 'ನೀನು' ಎನ್ನುತ್ತಿದ್ದ ಕಿರಿಯರು 'ನೀವು' ಎನ್ನತೊಡಗಿದರು.

ವ್ಯಾಕರಣವನ್ನು ಬಲ್ಲವರಿಗೆ ಹಿರಿಯರ ಸಂಕಟವು ಸುಲಭವಾಗಿ ಅರ್ಥವಾಗುವುದು. ಅಕ್ಷರಗಳು ಅತ್ಯಂತ ಸಮೀಪವಾಗಿರುವುದನ್ನು ಸಂಹಿತೆಯೆನ್ನುವರು; ಸಂಧಿಯು ಅಲ್ಲಿ ಮಾತ್ರ ಹುಟ್ಟುವುದು. ಅಕಾರ ಇಕಾರಗಳು ಕೂಡಿ ಏಕಾರವಾಗುವಂತೆ, ಕರಗುವ ಎರಡು ಚಿತ್ರಗಳ ನಡುವೆ ಎರಡೂ ಅಲ್ಲದ ಮೂರನೆಯ ಬಿಂಬವೊಂದು ಹುಟ್ಟುತ್ತದೆ. ಅದರ ಸೊಗಸೇ ಈ ಕಲೆಯ ಸೊಗಸು. ಆದರೆ ಶಾಸ್ತ್ರಕಾರರು ಇನ್ನೊಂದನ್ನೂ ಗಮನಿಸಿದ್ದಾರೆ. ಸಂಸ್ಕೃತದಲ್ಲಿ ಈಕಾರ, ಊಕಾರ, ಏಕಾರಗಳಲ್ಲಿ ಕೊನೆಗೊಳ್ಳುವ ದ್ವಿವಚನಕ್ಕೆ ಮುಂದೆ ಸ್ವರವು ಬಂದರೂ ಸಂಧಿಯಿಲ್ಲ. 'ಕವೀ ಇಮೌ' ಎಂದರೆ ಈ ಇಬ್ಬರು ಕವಿಗಳು. ಅದನ್ನು ಕೂಡಿಸಿ ನುಡಿಯಲಾಗದು. ಕೂಡಿಸಿದರೆ ಇಬ್ಬರೆಂಬ ಅರ್ಥವೇ ಕಿವಿಗೆ ಮರೆಯಾದೀತು. ಇದಕ್ಕೆ ಪ್ರಕೃತಿಭಾವವೆಂದು ಹೆಸರು: ಇದ್ದುದು ಇದ್ದಂತೆಯೇ ಇರುವುದು. ಬಾಳು ಎಡೆಬಿಡದೆ ಹರಿದ ಕಡೆಯಲ್ಲಿ ಚಿತ್ರವು ಕರಗಿ ಹರಿದರೆ ಅದು ಸತ್ಯ. ಬಾಳು ಮುರಿದ ಕಡೆಯಲ್ಲಿಯೂ ಹಾಗೆಯೇ ಕರಗಿಸಿದರೆ ಅದು ಶಂಬರನ ವಿದ್ಯೆ. ಅಷ್ಟೂ ದೀಪಾವಳಿಗಳ ಎಲೆಗಳು ಎರಡು ಸೆಕೆಂಡುಗಳಲ್ಲಿ ಇಲ್ಲವಾಗುತ್ತವೆ.

ಹಿರಿಯರು ಇಷ್ಟು ಶಾಸ್ತ್ರವನ್ನು ಯೋಚಿಸಿದರೋ ಇಲ್ಲವೋ, ಹದಿನಾರನೆಯ ದಿನ ಬೆಳಗ್ಗೆ ಮೊಮ್ಮಗಳನ್ನು ಕರೆದು, ಆ ಎರಡು ಚಿತ್ರಗಳ ನಡುವೆ ಒಂದು ಆವರ್ತದಷ್ಟು ಕತ್ತಲೆಯನ್ನು ಇಡುವಂತೆ ಹೇಳಿದರು. ವೀಣೆಯೂ ಅಲ್ಲಿ ನಿಲ್ಲತಕ್ಕದ್ದು; ತಂಬೂರಿಯ ಶ್ರುತಿ ಮಾತ್ರ ಸಾಗತಕ್ಕದ್ದು.

"ಯಂತ್ರ ಕೆಟ್ಟಿತೆಂದುಕೊಳ್ಳುತ್ತಾರೆ, ಅಜ್ಜ. ಎಲ್ಲವೂ ಹೊಂದಿಕೊಂಡು ಬಂದಿದೆ, ಇದೊಂದೇ ಒಡೆದಂತೆ ಕಾಣುತ್ತದೆ."

"ಒಡೆದದ್ದೇ ಮಗು, ಒಡೆದಂತೆ ಕಾಣಲಿ."

ಕತ್ತಲೆಗೆ ಸ್ಥಳ ಮಾಡಲು ಮೂವತ್ತರಲ್ಲಿ ಒಂದನ್ನು ತೆಗೆಯಬೇಕಾಯಿತು. ನಿವೃತ್ತಿಯ ದಿನ ತಾವು ಹಾರವನ್ನು ಹಾಕಿಕೊಂಡು ತಾಯಿಯ ಪಕ್ಕದಲ್ಲಿ ನಿಂತಿದ್ದ ಚಿತ್ರವನ್ನು ಹಿರಿಯರು ತೆಗೆಸಿದರು. ಮೊಮ್ಮಗಳು ಕಾರಣವನ್ನು ಕೇಳಿದಾಗ ಕಾಲುವೆಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ನಲವತ್ತೊಂದು ವರ್ಷಗಳಲ್ಲಿ ಅದನ್ನು ಅವರು ಬಾಯಿಬಿಟ್ಟು ಹೇಳಿದುದು ಅದೇ ಮೊದಲು.

ವರ್ಷಾಬ್ದಿಕದ ಮಾರನೆಯ ರಾತ್ರಿ ಜಗಲಿಯಲ್ಲಿ ಐವತ್ತು ಜನ ಸೇರಿದ್ದರು. ಬಾಡಿಗೆಗೆ ತಂದ ಪ್ರೊಜೆಕ್ಟರು ಇದ್ದಿತಾದರೂ ತೆರೆಗೆ ಹಿರಿಯರು ಪಂಚೆಯನ್ನೇ ಕಟ್ಟಿಸಿದ್ದರು. ಮದುವಣಗಿತ್ತಿಯು ತಾಯಿಯಾದಳು, ತಾಯಿಯು ಅತ್ತೆಯಾದಳು. ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಂಡರು. ಹತ್ತೊಂಬತ್ತನೆಯ ಚಿತ್ರವು ಆರಿ ಕತ್ತಲೆಯಾಯಿತು. ತಂಬೂರಿಯ ನಾದವೊಂದೇ ಉಳಿಯಿತು. ಯಾರೋ ಒಬ್ಬರು "ಕರೆಂಟು ಹೋಯಿತೆ?" ಎಂದರು. ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದ ಕಿರಿಯರು ಕದಲಲಿಲ್ಲ. ಎಂಟು ಸೆಕೆಂಡುಗಳು ಕಳೆದು 1999ರ ಚಿತ್ರವು ಮೂಡಿತು. ವೀಣೆಯು ಮತ್ತೆ ಎತ್ತಿಕೊಂಡಿತು.

ಎಲ್ಲರೂ ಮಲಗಿದ ಮೇಲೆ ಹಿರಿಯರು ಪಂಚೆಯನ್ನು ಬಿಚ್ಚಿ ಮಡಿಸುತ್ತಿದ್ದರು. ಕಿರಿಯರು ಬಂದು ಅದರ ಇನ್ನೊಂದು ತುದಿಯನ್ನು ಹಿಡಿದುಕೊಂಡರು.

"ಅಣ್ಣಯ್ಯ, ಆ ಕತ್ತಲೆ ಇಟ್ಟವನು ನೀನೇ ಏನು?"

"ಹೌದು. ಕಾಲುವೆಯನ್ನು ನಾನು ಬೇಕೆಂದೇ ಆ ಕಡೆಗೆ ಸೇರಿಸಿಕೊಂಡೆ."

"ಗೊತ್ತು" ಎಂದು ಕಿರಿಯರು ಪಂಚೆಯ ಅಂಚನ್ನು ಸರಿಮಾಡಿದರು. ಸ್ವಲ್ಪ ಹೊತ್ತು ಬಿಟ್ಟು, "ಮುಂದಿನ ಸ್ಲೈಡು ಹಾಕುವುದನ್ನು ನಾನೇ ಮರೆತು ಅಂಗೈ ಹಿಡಿದುಕೊಂಡು ಕುಳಿತುಬಿಟ್ಟೆನೇನೋ ಎನ್ನಿಸಿತು. ಅಮ್ಮ ಕೇಳುತ್ತಾಳೆಂದು ಕಾದೆ. ಎಂಟು ಸೆಕೆಂಡು ಸಾಲದು, ಅಣ್ಣಯ್ಯ" ಎಂದರು.

ಚಿತ್ರಮಾಲೆಯ ಪ್ರತಿಗಳನ್ನು ದೂರದ ಬಂಧುಗಳಿಗೆ ಕಳುಹಿಸುವ ಮೊದಲು ಹಿರಿಯರು ಮೊಮ್ಮಗಳೊಡನೆ ಮತ್ತೊಮ್ಮೆ ಕುಳಿತರು. ಇನ್ನೊಂದು ಚಿತ್ರವನ್ನು ತೆಗೆದು, ಕತ್ತಲೆಯನ್ನು ಎರಡು ಆವರ್ತಗಳಿಗೆ ಹೆಚ್ಚಿಸಿದರು. ಈಗ ಆ ಮನೆಯ ಮಾಲೆಯಲ್ಲಿ ಇಪ್ಪತ್ತೆಂಟು ಚಿತ್ರಗಳಿವೆ.