ರೈಡು, ರೇಡು ಮತ್ತು ಸೂರೆ

“ನಿನ್ನೆ ರಾತ್ರಿ ಪೇಟೆಯಲ್ಲಿ ಪೊಲೀಸರ ರೈಡಾಯಿತಂತೆ” ಎಂದು ಯಾರಾದರೂ ಹೇಳಿದರೆ ಇಂಗ್ಲಿಷ್ ಬಲ್ಲವರು ಮುಗುಳ್ನಕ್ಕು, “ರೈಡಲ್ಲ, ರೇಡು, ರೈಡೆಂದರೆ ಸವಾರಿ” ಎಂದು ತಿದ್ದುವುದುಂಟು. ಆದರೆ ಶಬ್ದದ ವಂಶಾವಳಿಯನ್ನು ಬಿಡಿಸಿ ನೋಡಿದರೆ ತಪ್ಪಾಡಿದವನೇ ಗೆದ್ದನೆನ್ನಬೇಕು!

ಹಳೆಯ ಇಂಗ್ಲಿಷಿನಲ್ಲಿ ‘ರಾಡ್’ ಎಂದರೆ ಕುದುರೆ ಸವಾರಿ. ಆ ಒಂದೇ ತಾಯಿಗೆ ಇಬ್ಬರು ಮಕ್ಕಳು. ದಕ್ಷಿಣದಲ್ಲಿ ಬೆಳೆದವನು ‘ರೋಡ್’ ಎನಿಸಿಕೊಂಡು, ಕಾಲಕ್ರಮದಲ್ಲಿ ಎಲ್ಲರೂ ನಡೆಯುವ ಹಾದಿಯಾದನು. ಉತ್ತರದ ಸ್ಕಾಟ್ಲೆಂಡಿನವನು ‘ರೇಡ್’ ಎಂಬ ಹೆಸರಿನಿಂದ ದಾಳಿಗಿಳಿದನು. ಇಂಗ್ಲೆಂಡು, ಸ್ಕಾಟ್ಲೆಂಡುಗಳ ಗಡಿನಾಡಿನಲ್ಲಿ ಕೆಲವು ಶತಮಾನಗಳ ಕಾಲ ‘ರೀವರ್’ ಎಂಬ ದಾಳಿಕೋರರ ಹಾವಳಿಯಿತ್ತು. ಇರುಳು ಕವಿಯುತ್ತಲೇ ಕುದುರೆಯೇರಿ ಹೊರಟು, ನೆರೆನಾಡಿನ ದನಗಳನ್ನು ಹೊಡೆದುಕೊಂಡು ಬರುವುದೇ ಅವರ ವೃತ್ತಿ. 1603ರಲ್ಲಿ ಎರಡು ರಾಜ್ಯಗಳಿಗೂ ಒಬ್ಬನೇ ಅರಸನಾದ ಮೇಲೆ ಆ ಹಾವಳಿ ಅಡಗುತ್ತ ಬಂದಿತು. ಮಾತೂ ಮರೆಗೆ ಸರಿಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅದಕ್ಕೆ ಮತ್ತೆ ಜೀವವಿತ್ತವನು ಸರ್ ವಾಲ್ಟರ್ ಸ್ಕಾಟ್. 1915ರಲ್ಲಿ ಜರ್ಮನರ ಜೆಪೆಲಿನ್ ಹಡಗುಗಳು ಇಂಗ್ಲೆಂಡಿನ ಮೇಲೆ ಬಾಂಬು ಸುರಿಸಿದಾಗ ಆ ವಾಯುದಾಳಿಗೂ ಇದೇ ಹೆಸರಾಯಿತು. ಕುದುರೆ ಮಾಯವಾಗಿತ್ತು, ಹೆಸರು ಮಾತ್ರ ಉಳಿದಿತ್ತು.

ಈ ಮಾತು ನೆನಪಿಟ್ಟುಕೊಂಡದ್ದು ಸವಾರನನ್ನು. ಕೊಟ್ಟಿಗೆ ಬರಿದಾದವನ ಸುಳಿವು ಅದರಲ್ಲಿಲ್ಲ. ಆತನನ್ನು ಕಾಣಬೇಕಾದರೆ ‘ರೀವರ್’ ಎಂಬುದರ ನಂಟನ್ನು ಹುಡುಕಬೇಕು. ‘ರೀವ್’ ಎಂದರೆ ಕಿತ್ತುಕೊಳ್ಳುವುದು. ಅದರಿಂದಲೇ ‘ಬಿರೀವ್ಡ್’ ಎಂಬ ಪದ ಹುಟ್ಟಿತು. ಇಂದು ಪತಿಯನ್ನೋ ಮಗುವನ್ನೋ ಕಳೆದುಕೊಂಡವರಿಗೆ ಇಂಗ್ಲಿಷರು ಹೇಳುವ ಮಾತು ಅದೇ. ಮೃತ್ಯುವೂ ಒಬ್ಬ ದಾಳಿಕೋರನೇ ಅಲ್ಲವೆ?

ಕನ್ನಡ ನಾಡಿಗೂ ಇಂಥ ದಾಳಿಗಳು ಹೊಸವಲ್ಲ. ತುರುಗಳನ್ನು ಕದ್ದೊಯ್ದವರನ್ನು ಬೆನ್ನಟ್ಟಿ ಮಡಿದವರ ವೀರಗಲ್ಲುಗಳು ಇಂದಿಗೂ ಹಳ್ಳಿಗಳ ಹೊರವಲಯದಲ್ಲಿ ನಿಂತಿವೆ. ಅಲ್ಲಿ ಕಲ್ಲು ನೆನೆಯುವುದು ದೋಚಿದವನನ್ನಲ್ಲ, ತಡೆದವನನ್ನು. ಕೊಳ್ಳೆಗೆ ಕನ್ನಡದಲ್ಲಿ ‘ಸೂರೆ’ ಎಂಬ ಹೆಸರೂ ಉಂಟು. ಊರುಗಳನ್ನು ಸೂರೆಗೊಂಡ ದಂಡುಗಳು ಅಳಿದುಹೋದವು. ಆ ಭಯಂಕರ ಶಬ್ದವನ್ನು ಕನ್ನಡಿಗರು ಬಿಸುಡಲಿಲ್ಲ. ಒಳ್ಳೆಯ ಗಾಯನವನ್ನು ಕೇಳಿ ಎದ್ದು ಬರುವಾಗ ಇಂದಿಗೂ “ಮನವನ್ನು ಸೂರೆಗೊಂಡಿತು” ಎನ್ನುತ್ತಾರೆ. ಈ ಸೂರೆಯಲ್ಲಿ ಮಾತ್ರ ಕಳೆದುಕೊಂಡವನೇ ಸಂತೋಷದಿಂದ ಮನೆಗೆ ಮರಳುತ್ತಾನೆ.