ಹೇಳಲು ನಾಚುವ ಮಾತು

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಸಂಧಿ-ಸಮಾಸದಿಂದ ಹಿಡಿದು ಮೊಗಲರ ವಂಶಾವಳಿಯವರೆಗೆ ಯಾವುದಕ್ಕೂ ಮಾತಿಗೆ ತಡಕಾಡಿದವಳಲ್ಲ. ಆದರೆ ನಾಲ್ಕು ವರ್ಷದ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಡಾಕ್ಟರ ಮುಂದೆ ಕೂತಾಗ, "ಏನಮ್ಮಾ ತೊಂದರೆ?" ಎಂಬ ಪ್ರಶ್ನೆಗೆ ನನ್ನ ಬಾಯಿಂದ ಹೊರಟದ್ದು "ಅದೇ... ಆ ಜಾಗ" ಎಂಬುದಷ್ಟೇ.

ವಿಷಯ ಇಷ್ಟು. ಮಗು ಉಚ್ಚೆ ಹೊಯ್ಯುವಾಗ ತುದಿಯ ಚರ್ಮ ಪುಗ್ಗದಂತೆ ಉಬ್ಬುತ್ತಿತ್ತು. ನೋವಿಲ್ಲ, ಅಳುವಿಲ್ಲ. ಮಹಾಲಕ್ಷ್ಮಿ ಲೇಔಟಿನ ನಮ್ಮ ಮನೆಯಲ್ಲಿ ಸ್ನಾನ ಮಾಡಿಸುವ ಕೆಲಸ ನನ್ನದಾದ್ದರಿಂದ ಮೊದಲು ಕಂಡವಳೂ ನಾನೇ. ಡಾಕ್ಟರು ಅರ್ಧ ನಿಮಿಷ ನೋಡಿ, "ಫೈಮೋಸಿಸ್. ಚರ್ಮ ಹಿಂದಕ್ಕೆ ಸರೀತಿಲ್ಲ. ಸುನ್ನತಿ ಮಾಡಿಸಿಬಿಡಿ, ಶನಿವಾರ ಬನ್ನಿ" ಎಂದರು.

ಮನೆಯಲ್ಲಿ ಗುಡುಗು ಬಡಿದಂತಾಯಿತು. ಎಂಬತ್ತು ದಾಟಿದ ನಮ್ಮತ್ತೆ, "ನಮ್ಮಲ್ಲಿ ಅದುಂಟೇನೇ?" ಎಂದು ವೀರಾಂಜನೇಯನಿಗೆ ವಡೆಮಾಲೆ ಹರಸಿಕೊಂಡರು. ಮಗ, "ಡಾಕ್ಟರು ಹೇಳಿದ ಮೇಲೆ ಮುಗೀತಲ್ಲಮ್ಮ" ಎಂದ. ಸೊಸೆ ಮಾತ್ರ, "ಯಾಕೆ ಅಂತ ಕೇಳದೆ ಕೊಯ್ಯಿಸೋದು ಹೇಗೆ ಅತ್ತೆ? ಮಗು ಆರೋಗ್ಯವಾಗೇ ಇದೆಯಲ್ಲ" ಎಂದಳು. ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಪ್ರಶ್ನೆ ಕೇಳುವುದನ್ನು ಕಲಿಸುವುದೇ ನನ್ನ ಕಸುಬಾಗಿತ್ತು!

ಮರುದಿನ ಎದುರುಮನೆಯ ಬಾನು ಅವರ ಹತ್ತಿರ ಮೆಲ್ಲಗೆ ವಿಷಯ ಎತ್ತಿದೆ. ಅವರಿಗೆ ಒಂದಿಷ್ಟೂ ಸಂಕೋಚವಿಲ್ಲ. "ನೋಡಿ ಟೀಚರಮ್ಮ, ನಮ್ಮಲ್ಲಿ ಅದು ಧರ್ಮದ ಮಾತು. ಮುಂಜಿ ಅಂತ ನೆಂಟರನ್ನ ಕರೆದು ಊಟ ಹಾಕ್ತೀವಿ. ನಿಮ್ಮ ಮಗೂದು ಕಾಯಿಲೆಯ ಮಾತು. ಕಾಯಿಲೆ ಇದೆಯೋ ಇಲ್ಲವೋ ಅಂತ ಇನ್ನೊಬ್ಬರಿಗೆ ತೋರಿಸಿ" ಎಂದರು. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಹೆದರುತ್ತಿದ್ದ ನನಗೆ ಅವರು ಗಂಟು ಬಿಡಿಸಿಕೊಟ್ಟರು.

ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರೊಬ್ಬರನ್ನು ಕಾಣಲು ನಾವೆಲ್ಲ ಮೆಟ್ರೋ ಹತ್ತಿ ಹೋದೆವು. ಅವರು ಮಗುವಿನ ಜೊತೆ ಹರಟುತ್ತಲೇ ಪರೀಕ್ಷೆ ಮಾಡಿದರು. ಗಂಡುಮಕ್ಕಳು ಹುಟ್ಟುವಾಗ ಮುಂದೊಗಲು ಒಳಭಾಗಕ್ಕೆ ಅಂಟಿಕೊಂಡೇ ಇರುತ್ತದಂತೆ. ವರ್ಷಗಳು ಕಳೆದಂತೆ ತಾನಾಗಿ ಬಿಡುತ್ತದೆ. ಅಲ್ಲಿಯವರೆಗೆ ಉಚ್ಚೆ ಹೊಯ್ಯುವಾಗ ಉಬ್ಬುವುದು ರೋಗವಲ್ಲ. ಕೆಲವೊಮ್ಮೆ ಚರ್ಮದಡಿ ಕಾಣುವ ಬಿಳಿಯ ಮುತ್ತಿನಂಥ ಗಂಟು ಕೀವೂ ಅಲ್ಲ, ಉದುರಿದ ಜೀವಕೋಶಗಳ ರಾಶಿ.

ಆಮೇಲೆ ಸೊಸೆ ಓದಿ ಹೇಳಿದ ಅಂಕಿಗಳು ನನ್ನನ್ನು ಬೆರಗುಗೊಳಿಸಿದವು. ಇಂಗ್ಲೆಂಡಿನ ಮಕ್ಕಳ ವೈದ್ಯ ಡಗ್ಲಾಸ್ ಗೈರ್ಡನರ್ 1949ರಲ್ಲೇ, ಹುಟ್ಟಿದ ಗಂಡುಮಕ್ಕಳಲ್ಲಿ 100ಕ್ಕೆ 4 ಮಕ್ಕಳಿಗೆ ಮಾತ್ರ ಈ ಚರ್ಮ ಪೂರ್ತಿ ಹಿಂದೆ ಸರಿಯುತ್ತದೆ ಎಂದು ಬರೆದಿದ್ದರು. ಡೆನ್ಮಾರ್ಕಿನ ಯಾಕೋಬ್ ಓಸ್ಟರ್ ಶಾಲಾ ಹುಡುಗರನ್ನು ವರ್ಷಗಟ್ಟಲೆ ಪರೀಕ್ಷಿಸಿ 1968ರಲ್ಲಿ ಪ್ರಕಟಿಸಿದ ಲೆಕ್ಕ ಇನ್ನೂ ಸ್ಪಷ್ಟ. ಆರೇಳು ವರ್ಷದವರಲ್ಲಿ 100ಕ್ಕೆ 63 ಹುಡುಗರಿಗೆ ಚರ್ಮ ಅಂಟಿಕೊಂಡಿತ್ತು. ಹದಿನಾರು-ಹದಿನೇಳಕ್ಕೆ ಉಳಿದದ್ದು 3. ಅಂದರೆ ನಮ್ಮ ನಾಲ್ಕು ವರ್ಷದ ಮಗು ರೋಗಿಯಲ್ಲ, ನಾಲ್ಕು ವರ್ಷದ ಮಗು, ಅಷ್ಟೇ.

ಆದರೆ ಡಾಕ್ಟರು ಕೊನೆಗೆ ಕೇಳಿದ ಪ್ರಶ್ನೆ ಬೇರೆ: "ಸ್ನಾನ ಮಾಡಿಸೋವಾಗ ಯಾರಾದ್ರೂ ಚರ್ಮಾನ ಬಲವಂತವಾಗಿ ಹಿಂದಕ್ಕೆ ಎಳೀತೀರಾ?"

ನಾನು ತಲೆ ತಗ್ಗಿಸಿದೆ. ಎಣ್ಣೆ ಹಚ್ಚಿ ದಿನಾ ಇಷ್ಟಿಷ್ಟು ಎಳೆಯಬೇಕು, ಇಲ್ಲದಿದ್ದರೆ ಮುಂದೆ ತೊಂದರೆ ಎಂದು ನನ್ನಮ್ಮ ಬಾಣಂತಿಕೋಣೆಯಲ್ಲಿ ಹೇಳಿಕೊಟ್ಟಿದ್ದಳು. ನನ್ನ ಮಗನಿಗೂ ಹಾಗೇ ಮಾಡಿದ್ದೆ. ಒಂದು ದಿನ ಟವೆಲ್ಲಿನ ಮೇಲೆ ರಕ್ತದ ಚುಕ್ಕೆ ಕಂಡಾಗ ಕೊಬ್ಬರಿ ಎಣ್ಣೆ ಸವರಿ, ಯಾರಿಗೂ ಹೇಳದೆ ಟವೆಲ್ಲನ್ನು ಒಗೆದು ಹಾಕಿದ್ದೆ. ಮೊಮ್ಮಗನಿಗೂ ಅದೇ ಉಪಚಾರ ನಡೆದಿತ್ತು. "ಹಾಗೆ ಎಳೆದಾಗ ಒಳಗೆ ಹರಿಯುತ್ತೆ. ಹರಿದದ್ದು ಮಾಯುವಾಗ ಕಲೆಗಟ್ಟಿ ಬಿಗಿಯಾಗಬಹುದು. ಆಗ ನಿಜವಾದ ಫೈಮೋಸಿಸ್ ಆಗುತ್ತೆ" ಎಂದರು. ಯಾವುದನ್ನು ತಪ್ಪಿಸಲೆಂದು ಎಳೆದೆನೋ ಅದನ್ನೇ ಬರಮಾಡಿಕೊಳ್ಳುತ್ತಿದ್ದೆ! ಪುಣ್ಯಕ್ಕೆ ಕಲೆಗಟ್ಟಿರಲಿಲ್ಲ.

ಅವರು ಹೇಳಿದ ಆರೈಕೆ ಸರಳ. ಹೊರಗಡೆಯಷ್ಟೇ ನೀರಿನಲ್ಲಿ ತೊಳೆಯುವುದು. ಎಳೆಯಬಾರದು, ಒಳಗೆ ಸೋಪು ಹಾಕಬಾರದು. ತಾನಾಗಿ ಸರಿಯತೊಡಗಿದ ಮೇಲೆ ಹುಡುಗನೇ ತೊಳೆದುಕೊಂಡು ಚರ್ಮವನ್ನು ಮತ್ತೆ ಮುಂದಕ್ಕೆ ತಂದುಕೊಳ್ಳಬೇಕು. ಹಿಂದೆ ಸರಿದದ್ದು ಅಲ್ಲೇ ಸಿಕ್ಕಿ ಊದಿಕೊಂಡರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಪದೇ ಪದೇ ಕೆಂಪಗಾಗಿ ಕೀವಾದರೆ, ಉಚ್ಚೆ ಉರಿದರೆ, ಕಟ್ಟಿಕೊಂಡರೆ, ತುದಿ ಬೆಳ್ಳಗೆ ಗಟ್ಟಿಯಾದರೆ ತೋರಿಸಲೇಬೇಕು. ನಿಜಕ್ಕೂ ಬಿಗಿಯಿದ್ದರೂ ಮೊದಲು ಕೆಲವು ವಾರ ಸ್ಟೀರಾಯ್ಡ್ ಮುಲಾಮು ಸಾಕಾಗುವುದುಂಟು. ಅದೂ ಡಾಕ್ಟರು ಬರೆದುಕೊಟ್ಟರೆ ಮಾತ್ರ.

ಶಸ್ತ್ರಚಿಕಿತ್ಸೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ನನ್ನ ಸಹೋದ್ಯೋಗಿಯೊಬ್ಬರ ಮಗನಿಗೆ ಕಲೆಗಟ್ಟಿ ಉಚ್ಚೆ ಹೋಗುವುದೇ ಕಷ್ಟವಾಗಿತ್ತು. ಕತ್ತರಿಯೇ ಅವನನ್ನು ಉಳಿಸಿತು. ಬೇಕಾದಾಗ ಹಿಂಜರಿಯಬಾರದು, ಬೇಡವಾದಾಗ ಆತುರಪಡಬಾರದು. ಎರಡರ ವ್ಯತ್ಯಾಸ ತಿಳಿಯಬೇಕಾದರೆ ಬಾಯಿಬಿಟ್ಟು ಕೇಳಬೇಕು.

ಅಂದು ಮನೆಗೆ ವಾಪಸು ಬರುವಾಗ ಸೊಸೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು. ರಾತ್ರಿ ನಾನೇ ಮಗನಿಗೆ ಆ ಹಳೆಯ ಟವೆಲ್ಲಿನ ಕಥೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಂಗೆ ಯಾರೂ ಹೇಳಿರಲಿಲ್ಲವಲ್ಲಮ್ಮ" ಎಂದ. ಹೌದು, ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ಇದಾಗಿ ಒಂದೂವರೆ ವರ್ಷವಾಯಿತು. ಉಬ್ಬುವುದು ತಾನಾಗಿ ನಿಂತಿದೆ. ಮೊನ್ನೆ ಎಣ್ಣೆನೀರಿನ ದಿನ ಮೊಮ್ಮಗ, "ಅಜ್ಜೀ, ಅಲ್ಲಿ ನಾನೇ ತೊಳ್ಕೋತೀನಿ, ನೀನು ಆಚೆ ಇರು" ಎಂದ.

ಚೊಂಬನ್ನು ಅವನ ಕೈಗೆ ಕೊಟ್ಟು ಬಚ್ಚಲ ಬಾಗಿಲ ಆಚೆ ನಿಂತೆ.